ಮಗ ಎಲ್ಡರ್ ಆದನಂತೆ, ಮುಂದೇನು? ಮಾರ್ಮನ್ ಯಾಜಕತ್ವದ ಬಗ್ಗೆ ಕೊಡಗಿನ ಓದುಗರ ಪ್ರಶ್ನೆಗಳು

ಹೋದ ಸಂಚಿಕೆಯಲ್ಲಿ ಕ್ರೈಸ್ತ ಪಂಗಡಗಳ ಬಗ್ಗೆ ಬರೆಯುವಾಗ ಮಾರ್ಮನರ ಹೆಸರು ಒಂದು ಸಾಲಿನಲ್ಲಿ ಬಂದು ಹೋಗಿತ್ತು. ಅಷ್ಟಕ್ಕೇ ಕೊಡಗಿನಿಂದ ಇಷ್ಟೊಂದು ಪತ್ರ ಬರುತ್ತವೆ ಅಂತ ಅಂದುಕೊಂಡಿರಲಿಲ್ಲ. ಹೆಚ್ಚಿನವರು ಕೇಳಿರುವುದು ಒಂದೇ ವಿಷಯ: ಅವರಲ್ಲಿ ಯಾಜಕ ಅಂದರೆ ಯಾರು, ಅವನ ಕೆಲಸ ಏನು? ಹಾಗಾಗಿ ಈ ಸಲದ ಪುಟ ಪೂರ್ತಿ ಅದಕ್ಕೇ. ಬರೆದವರ ಹೆಸರು ಹಾಕಿಲ್ಲ, ಊರು ಮಾತ್ರ ಇದೆ.

ಪ್ರಶ್ನೆ (ಗೋಣಿಕೊಪ್ಪ): ನಮ್ಮ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಮಾರ್ಮನ್ ಸಭೆಗೆ ಸೇರಿದ್ದು ಗೊತ್ತಿತ್ತು. ಮೊನ್ನೆ ಫೋನ್ ಮಾಡಿ “ನನಗೆ ಯಾಜಕತ್ವ ಸಿಕ್ಕಿತು, ಎಲ್ಡರ್ ಆದೆ” ಅಂದ. ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ. ಕೆಲಸ ಬಿಟ್ಟು ಪಾದ್ರಿ ಆಗಿಬಿಡುತ್ತಾನಾ? ಮದುವೆ ಆಗುವ ಹಾಗಿಲ್ವಾ?

ಇಲ್ಲಮ್ಮ, ಹಾಗೇನೂ ಆಗುವುದಿಲ್ಲ. ಸೋಮವಾರ ಬೆಳಿಗ್ಗೆ ಎಂದಿನ ಹಾಗೆ ಆಫೀಸಿಗೆ ಹೋಗುತ್ತಾನೆ. ಮದುವೆಯನ್ನಂತೂ ಈ ಸಭೆ ಬೇಡ ಅನ್ನುವುದೇ ಇಲ್ಲ. ಒಳ್ಳೆ ಸಂಬಂಧ ನೋಡಿ ಮದುವೆ ಮಾಡಿಕೋ, ಸಂಸಾರ ಕಟ್ಟು ಅಂತ ಹುಡುಗರ ಬೆನ್ನು ಬೀಳುವವರು ಅವರು.

ನಿಮ್ಮ ಗಾಬರಿ ನನಗೆ ಅರ್ಥವಾಗುತ್ತದೆ. ನಮ್ಮ ಕಡೆ ಪಾದ್ರಿ ಅಂದರೆ ಕಣ್ಣ ಮುಂದೆ ಬರುವುದು ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚಿನಲ್ಲಿ ಕಾಣುವಂಥ ಕ್ಯಾಥೊಲಿಕ್ ಫಾದರ್. ಸೆಮಿನರಿಯಲ್ಲಿ ವರ್ಷಗಟ್ಟಲೆ ಓದಿ, ಮದುವೆ ಬೇಡ ಅಂತ ವ್ರತ ತೊಟ್ಟು, ಬದುಕನ್ನೆಲ್ಲ ಅದಕ್ಕೇ ಕೊಟ್ಟವರು. ಮಾರ್ಮನರ ವ್ಯವಸ್ಥೆ ಬೇರೆ. ಜೋಸೆಫ್ ಸ್ಮಿತ್ ಎಂಬ ಯುವಕ 1830ರ ಏಪ್ರಿಲ್ 6ರಂದು ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಈ ಸಭೆ ಶುರು ಮಾಡಿದ. ಅದರ ಪೂರ್ತಿ ಹೆಸರು ಅಂತಿಮ ದಿನಗಳ ಸಂತರ ಯೇಸು ಕ್ರಿಸ್ತನ ಸಭೆ, ಈಗ ಅವರು ಆ ಹೆಸರಿನಿಂದಲೇ ಕರೆಯಿರಿ ಅನ್ನುತ್ತಾರೆ. ಅಲ್ಲಿ ಸಂಬಳ ಪಡೆದು ಪೂಜೆ ನಡೆಸುವ ಪ್ರತ್ಯೇಕ ವರ್ಗ ಇಲ್ಲ. ಯೋಗ್ಯ ಅನ್ನಿಸಿದ ಪ್ರತಿಯೊಬ್ಬ ಗಂಡಸಿಗೂ ಯಾಜಕತ್ವ, ಅಂದರೆ ದೇವರ ಹೆಸರಿನಲ್ಲಿ ಹರಸುವ, ಸಂಸ್ಕಾರ ನಡೆಸುವ ಅಧಿಕಾರ ಕೊಡುತ್ತಾರೆ. ಎಲ್ಡರ್ ಅನ್ನುವುದು ಅದರಲ್ಲಿ ಒಂದು ಪದವಿ. ಒಂದು ಊರಿನ ಸಭೆಯನ್ನು ನೋಡಿಕೊಳ್ಳುವ ಬಿಷಪ್ ಕೂಡ ವಾರವೆಲ್ಲ ತನ್ನ ಹೊಟ್ಟೆಪಾಡಿನ ಕೆಲಸ ಮಾಡಿಕೊಂಡು, ಸಂಜೆ ಮತ್ತು ಭಾನುವಾರ ಸಭೆಗೆ ಕೊಡುವ ಮನುಷ್ಯ. ಸುಮಾರು ಐದು ವರ್ಷ ಆದ ಮೇಲೆ ಅವರನ್ನು ಬಿಡುಗಡೆ ಮಾಡಿ ಇನ್ನೊಬ್ಬರನ್ನು ಕೂರಿಸುತ್ತಾರೆ, ಇವರು ಮತ್ತೆ ಎಲ್ಲರ ಜೊತೆ ಬೆಂಚಿನಲ್ಲಿ ಕೂರುತ್ತಾರೆ. ಪೂರ್ಣಾವಧಿ ದುಡಿಯುವ ಮೇಲಿನ ಹಂತದ ನಾಯಕರಿಗೆ ಮಾತ್ರ ಜೀವನಕ್ಕೆ ಭತ್ಯೆ ಇದೆ.

ಕೊಡವರ ಮದುವೆ ನೋಡಿದವರಿಗೆ ಇದು ತೀರಾ ಹೊಸದಲ್ಲ. ಅಲ್ಲಿ ಪುರೋಹಿತರು ಬರುವುದಿಲ್ಲ. ದೀಪದ ಮುಂದೆ ಮುಕ್ಕಾಲಿಯ ಮೇಲೆ ಕೂತವರಿಗೆ ಮನೆಯ ಹಿರಿಯರೇ ಒಬ್ಬೊಬ್ಬರಾಗಿ ಬಂದು ಅಕ್ಕಿ ಹಾಕಿ, ಕಿಂಡಿ ಎಂಬ ಮೂತಿಯ ಚೊಂಬಿನಿಂದ ಹಾಲು ಕುಡಿಸಿ ಹರಸುತ್ತಾರೆ. ಹರಸುವ ಹಕ್ಕು ಮನೆಯವರದ್ದೇ. ಮಾರ್ಮನರಲ್ಲೂ ಹರಸುವವನು ಅಪ್ಪ, ಅಣ್ಣ, ಪಕ್ಕದ ಮನೆಯವನು. ಆದರೆ ಅವರಲ್ಲಿ ಇದು ವಯಸ್ಸಿನಿಂದಲೋ ಮನೆತನದಿಂದಲೋ ಬರುವುದಿಲ್ಲ. ಈಗಾಗಲೇ ಯಾಜಕತ್ವ ಇರುವವನು ತಲೆ ಮೇಲೆ ಕೈಯಿಟ್ಟು ಕೊಡಬೇಕು. ನಿನಗೆ ಯಾರು ಕೊಟ್ಟರು, ಅವರಿಗೆ ಯಾರು ಕೊಟ್ಟಿದ್ದರು ಅಂತ ಹಿಂದಕ್ಕೆ ಹಿಂದಕ್ಕೆ ಹೋಗಿ ಜೋಸೆಫ್ ಸ್ಮಿತ್ ತನಕ ಹೆಸರುಗಳ ಪಟ್ಟಿಯನ್ನೇ ಇಟ್ಟುಕೊಂಡಿರುವವರು ಇದ್ದಾರೆ. ನಿಮ್ಮ ಮಗನ ಹತ್ತಿರವೂ ಇರಬಹುದು, ಕೇಳಿ ನೋಡಿ. ಖುಷಿಯಿಂದ ತೋರಿಸುತ್ತಾನೆ.

ಪ್ರಶ್ನೆ (ಸೋಮವಾರಪೇಟೆ): ಆರೋನನ ಯಾಜಕತ್ವ, ಮೆಲ್ಕಿಜೆದೇಕನ ಯಾಜಕತ್ವ ಅಂತ ಎರಡು ಇದೆಯಂತೆ. ಹನ್ನೆರಡು ವರ್ಷದ ಹುಡುಗರಿಗೂ ಕೊಡುತ್ತಾರಂತೆ, ನಿಜವಾ? ಅಷ್ಟು ಚಿಕ್ಕ ಮಕ್ಕಳು ಏನು ಮಾಡುತ್ತಾರೆ?

ನಿಜ. ಬೈಬಲಿನಲ್ಲಿ ಆರೋನ ಮೋಶೆಯ ಅಣ್ಣ, ಇಸ್ರಾಯೇಲ್ಯರ ಮೊದಲ ಮಹಾಯಾಜಕ. ಮೆಲ್ಕಿಜೆದೇಕ ಅದಕ್ಕೂ ಎಷ್ಟೋ ಹಿಂದಿನವನು. ಆದಿಕಾಂಡದ 14ನೇ ಅಧ್ಯಾಯದಲ್ಲಿ ಅಬ್ರಾಮನನ್ನು ಹರಸಿದ ಸಾಲೇಮಿನ ರಾಜ ಅವನು. ಮಾರ್ಮನರ ನಂಬಿಕೆ ಹೀಗಿದೆ: ಈ ಅಧಿಕಾರ ಭೂಮಿಯ ಮೇಲಿಂದ ಕಳೆದುಹೋಗಿತ್ತು. 1829ರ ಮೇ 15ರಂದು ಪೆನ್ಸಿಲ್ವೇನಿಯಾದ ಹಾರ್ಮನಿ ಎಂಬಲ್ಲಿ, ಸಸ್ಕ್ವೆಹಾನಾ ನದಿಯ ಹತ್ತಿರ, ಯೇಸುವಿಗೆ ದೀಕ್ಷಾಸ್ನಾನ ಕೊಟ್ಟ ಸ್ನಾನಿಕನಾದ ಯೋಹಾನ ಪ್ರತ್ಯಕ್ಷನಾಗಿ ಜೋಸೆಫ್ ಸ್ಮಿತ್ ಮತ್ತು ಅವನ ಜೊತೆಗಾರ ಆಲಿವರ್ ಕೌಡ್ರಿ ಇಬ್ಬರ ತಲೆ ಮೇಲೆ ಕೈಯಿಟ್ಟು ಆರೋನನ ಯಾಜಕತ್ವ ಕೊಟ್ಟ. ಆಮೇಲೆ ಯೇಸುವಿನ ಶಿಷ್ಯರಾದ ಪೇತ್ರ, ಯಾಕೋಬ, ಇನ್ನೊಬ್ಬ ಯೋಹಾನ ಬಂದು ಮೆಲ್ಕಿಜೆದೇಕನ ಯಾಜಕತ್ವ ಕೊಟ್ಟರು. ಬೇರೆ ಕ್ರೈಸ್ತ ಪಂಗಡಗಳು ಇದನ್ನು ಒಪ್ಪುವುದಿಲ್ಲ.

ಆರೋನನದ್ದು ಮೊದಲ ಮೆಟ್ಟಿಲು. ಹುಡುಗನಿಗೆ 12 ತುಂಬುವ ವರ್ಷದಲ್ಲಿ ಡೀಕನ್, 14 ತುಂಬುವ ವರ್ಷ ಟೀಚರ್, 16 ತುಂಬುವ ವರ್ಷ ಪ್ರೀಸ್ಟ್ ಆಗಬಹುದು. 2019ಕ್ಕಿಂತ ಮುಂಚೆ ಹುಟ್ಟಿದ ದಿನ ಬರುವ ತನಕ ಕಾಯಬೇಕಿತ್ತು. ಈಗ ಆ ವರ್ಷದ ಜನವರಿಯಲ್ಲೇ ಆಗುತ್ತದೆ. 18 ಆದ ಮೇಲೆ ಮೆಲ್ಕಿಜೆದೇಕನ ಯಾಜಕತ್ವ, ಆಗ ಎಲ್ಡರ್. ದೊಡ್ಡವನಾದ ಮೇಲೆ ಸಭೆ ಸೇರಿದವನಿಗೂ ಮೊದಲು ಆರೋನನದ್ದು, ಆಮೇಲೆ ಇದು. ಇದರ ಮೇಲೆ ಮಹಾಯಾಜಕ, ಪಿತೃಪಾಲಕ, ಎಪ್ಪತ್ತರವರು, ಹನ್ನೆರಡು ಮಂದಿ ಅಪೊಸ್ತಲರು, ಎಲ್ಲರ ಮೇಲೆ ಅಧ್ಯಕ್ಷರು ಅಂತ ಹೋಗುತ್ತದೆ. ಸಾಮಾನ್ಯ ಸದಸ್ಯನ ದಿನನಿತ್ಯಕ್ಕೆ ಅದು ಅಷ್ಟಾಗಿ ತಟ್ಟುವುದಿಲ್ಲ.

ಮಕ್ಕಳು ಏನು ಮಾಡುತ್ತಾರೆ ಅನ್ನುವುದನ್ನು ಬೆಂಗಳೂರಿನಲ್ಲಿ ಒಂದು ಭಾನುವಾರ ಅವರ ಸಭೆಯಲ್ಲಿ ಕೂತು ನೋಡಿದ್ದೇನೆ. ಯಾರು ಬೇಕಾದರೂ ಹೋಗಿ ಕೂರಬಹುದು. ಮುಂದೆ ಒಂದು ಮೇಜು, ಅದರ ಮೇಲೆ ಇಸ್ತ್ರಿ ಮಾಡಿದ ಬಿಳಿ ಬಟ್ಟೆ, ಅದರಡಿ ಯೇಸುವಿನ ನೆನಪಿಗೆ ಹಂಚುವ ಬ್ರೆಡ್ಡು ಮತ್ತು ಪುಟ್ಟ ಪುಟ್ಟ ಲೋಟಗಳಲ್ಲಿ ನೀರು. ದ್ರಾಕ್ಷಾರಸ ಇಲ್ಲ, ನೀರೇ. ಅದನ್ನೆಲ್ಲ ಸಭೆಗೆ ಮುಂಚೆ ತುಂಬಿ ಜೋಡಿಸುವುದು ಟೀಚರ್ ಹುಡುಗರ ಕೆಲಸ. ಜನ ಹಾಡುತ್ತಿರುವಾಗ ಇಬ್ಬರು ಪ್ರೀಸ್ಟ್ ಹುಡುಗರು, ಬಿಳಿ ಶರ್ಟು, ಟೈ, ಮೀಸೆ ಈಗಷ್ಟೇ ಚಿಗುರುತ್ತಿದೆ, ಎದ್ದು ನಿಂತು ಬ್ರೆಡ್ಡನ್ನು ಬೆರಳಲ್ಲಿ ಸಣ್ಣಗೆ ಮುರಿದು ತಟ್ಟೆಗೆ ಹಾಕಿದರು. ಹಾಡು ಮುಗಿದ ಮೇಲೆ ಒಬ್ಬ ಮಂಡಿಯೂರಿ ಪ್ರಾರ್ಥನೆ ಓದಿದ. ಈ ಪ್ರಾರ್ಥನೆ ಒಂದು ಪದವೂ ಆಚೀಚೆ ಆಗಬಾರದು. ಅವನು ಎಲ್ಲೋ ಒಂದು ಕಡೆ ತಡವರಿಸಿದ. ಪಕ್ಕಕ್ಕೆ ನೋಡಿದ, ಬಿಷಪ್ ಮೆಲ್ಲಗೆ ಏನೋ ಹೇಳಿದರು, ಹುಡುಗ ಮತ್ತೆ ಮೊದಲಿನಿಂದ ಓದಿದ. ಸಭೆಯಲ್ಲಿ ಯಾರೂ ಮಿಸುಕಲಿಲ್ಲ, ಯಾರೂ ನಗಲಿಲ್ಲ. ಎರಡನೇ ಸಲ ಸರಿಯಾಯಿತು, ಬಿಷಪ್ ತಲೆ ಅಲ್ಲಾಡಿಸಿದರು. ಆಮೇಲೆ ಡೀಕನ್‌ಗಳು, ಅಂದರೆ ಹನ್ನೆರಡು ಹದಿಮೂರರ ಮಕ್ಕಳು, ತಟ್ಟೆ ಹಿಡಿದು ಸಾಲು ಸಾಲಾಗಿ ಎಲ್ಲರಿಗೂ ಹಂಚಿದರು.

ಇದು ನನಗೆ ತುಂಬ ಹಿಡಿಸಿತು. ಆ ವಯಸ್ಸಿನ ಹುಡುಗನ ಕೈಯಲ್ಲಿ ಊರವರೆಲ್ಲರ ಮುಂದೆ ಇಷ್ಟು ದೊಡ್ಡ ಕೆಲಸ ಕೊಟ್ಟು, ತಪ್ಪಿದರೆ ಗದರದೆ ಇನ್ನೊಮ್ಮೆ ಮಾಡು ಅನ್ನುವುದು ಎಲ್ಲ ಕಡೆ ಸಿಗುವುದಿಲ್ಲ.

ಪ್ರೀಸ್ಟ್ ಆದವನು ದೀಕ್ಷಾಸ್ನಾನವನ್ನೂ ಕೊಡಬಹುದು, ಇಡೀ ದೇಹ ನೀರಲ್ಲಿ ಮುಳುಗಿಸಿ. ಅದಾದ ಮೇಲೆ ತಲೆ ಮೇಲೆ ಕೈಯಿಟ್ಟು ಪವಿತ್ರಾತ್ಮನ ವರ ಕೊಡುವುದು, ಕೂಸಿಗೆ ಸಭೆಯ ಮುಂದೆ ಹೆಸರಿಟ್ಟು ಹರಸುವುದು, ಸಮಾಧಿಯನ್ನು ಪ್ರಾರ್ಥನೆಯಿಂದ ಅರ್ಪಿಸುವುದು, ಇವೆಲ್ಲ ಎಲ್ಡರ್ ಮಾಡುವ ಕೆಲಸಗಳು.

ಪ್ರಶ್ನೆ (ವಿರಾಜಪೇಟೆ): ನನ್ನ ತಮ್ಮನ ಮಗ ಊರಿಗೆ ಬಂದಾಗ ಹಾಸಿಗೆ ಹಿಡಿದ ನಮ್ಮ ಅವ್ವನ ತಲೆಗೆ ಎಣ್ಣೆ ಮುಟ್ಟಿಸಿ ಏನೋ ಪ್ರಾರ್ಥನೆ ಮಾಡಿದ. ಅವ್ವನಿಗೆ ಸಮಾಧಾನ ಆಯಿತು. ಆದರೆ ಇದು ಮಾಟ ಮಂತ್ರ ಅಲ್ಲ ತಾನೇ? ಗುಳಿಗೆ ನಿಲ್ಲಿಸು ಅಂತ ಹೇಳಿಬಿಟ್ಟರೆ ಏನು ಗತಿ?

ಮಾಟ ಅಲ್ಲ. ಅದು ಆಲಿವ್ ಎಣ್ಣೆ. ಯಾಕೋಬನ ಪತ್ರಿಕೆಯ 5ನೇ ಅಧ್ಯಾಯದ 14ನೇ ವಚನದಲ್ಲಿ, ಕಾಯಿಲೆಯವನು ಸಭೆಯ ಹಿರಿಯರನ್ನು ಕರೆಸಲಿ, ಅವರು ಕರ್ತನ ಹೆಸರಿನಲ್ಲಿ ಎಣ್ಣೆ ಹಚ್ಚಿ ಪ್ರಾರ್ಥಿಸಲಿ ಅಂತ ಇದೆ. ಅದನ್ನೇ ಅವರು ಪಾಲಿಸುತ್ತಾರೆ. ಎಣ್ಣೆಯನ್ನು ಮೊದಲೇ ಪ್ರಾರ್ಥನೆ ಮಾಡಿ ಇದಕ್ಕಾಗಿಯೇ ಮೀಸಲಿಟ್ಟಿರುತ್ತಾರೆ. ಬೆರಳ ತುದಿಯಷ್ಟು ಉದ್ದದ ಲೋಹದ ಪುಟ್ಟ ಡಬ್ಬಿಯಲ್ಲಿ ತುಂಬಿ ಬೈಕಿನ ಕೀ ಗೊಂಚಲಿಗೇ ಸಿಕ್ಕಿಸಿಕೊಂಡು ಓಡಾಡುವವರು ಎಷ್ಟೋ ಜನ. ಯಾರು ಯಾವಾಗ ಕರೆಯುತ್ತಾರೋ ಗೊತ್ತಿಲ್ಲವಲ್ಲ. ಸಾಮಾನ್ಯವಾಗಿ ಇಬ್ಬರು ಎಲ್ಡರ್‌ಗಳು ಬರುತ್ತಾರೆ. ಒಬ್ಬ ನೆತ್ತಿಗೆ ಒಂದು ತೊಟ್ಟು ಹಚ್ಚಿ, ಕಾಯಿಲೆಯವರ ಪೂರ್ತಿ ಹೆಸರು ಹೇಳಿ ಚಿಕ್ಕ ಪ್ರಾರ್ಥನೆ ಮಾಡುತ್ತಾನೆ. ಆಮೇಲೆ ಇಬ್ಬರೂ ತಲೆ ಮೇಲೆ ಕೈಯಿಡುತ್ತಾರೆ, ಇನ್ನೊಬ್ಬ ಮನಸ್ಸಿಗೆ ತೋಚಿದ ಮಾತಿನಲ್ಲಿ ಹರಸುತ್ತಾನೆ. ಇನ್ನೊಬ್ಬರು ಸಿಗದಿದ್ದರೆ ಒಬ್ಬನೇ ಎರಡನ್ನೂ ಮಾಡಬಹುದು. ನಿಮ್ಮ ತಮ್ಮನ ಮಗ ಅದನ್ನೇ ಮಾಡಿರಬೇಕು.

ಗುಳಿಗೆ ನಿಲ್ಲಿಸುವ ಮಾತೇ ಇಲ್ಲ. ಡಾಕ್ಟರನ್ನೂ ನೋಡಿ, ಪ್ರಾರ್ಥನೆಯನ್ನೂ ಮಾಡಿ ಅನ್ನುವುದೇ ಆ ಸಭೆಯ ಪಾಠ. ಆ ಸಭೆಯ ಅಧ್ಯಕ್ಷರಾಗಿದ್ದ ರಸೆಲ್ ನೆಲ್ಸನ್ ಸ್ವತಃ ಹೃದಯದ ಆಪರೇಷನ್ ಮಾಡುತ್ತಿದ್ದ ಸರ್ಜನ್. ಹರಸಿದ ಹುಡುಗ ಯಾರಾದರೂ ಔಷಧಿ ಬೇಡ ಅಂದರೆ ಅದು ಅವನ ಸ್ವಂತ ಮಾತು, ನೀವು ಕೇಳಬೇಡಿ. ಇದಕ್ಕೆ ದುಡ್ಡೂ ತೆಗೆದುಕೊಳ್ಳುವ ಹಾಗಿಲ್ಲ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಯಾಜಕತ್ವ ಇದ್ದರೂ ಎಲ್ಲವನ್ನೂ ಸ್ವಂತ ಇಷ್ಟದಂತೆ ಮಾಡುವ ಹಾಗಿಲ್ಲ. ಕಾಯಿಲೆಯವರನ್ನು ಹರಸಲು ಯಾರನ್ನೂ ಕೇಳಬೇಕಿಲ್ಲ, ರಾತ್ರಿ ಹನ್ನೆರಡಕ್ಕೆ ಕರೆದರೂ ಹೋಗಬಹುದು. ಆದರೆ ದೀಕ್ಷಾಸ್ನಾನ ಕೊಡಲು, ರೊಟ್ಟಿ ನೀರಿನ ಸಂಸ್ಕಾರ ನಡೆಸಲು ಬಿಷಪ್ ಅಥವಾ ಮೇಲಿನವರ ಅನುಮತಿ ಬೇಕೇ ಬೇಕು. ಹಾಗೆ ಅನುಮತಿ ಕೊಡುವ ಅಧಿಕಾರವನ್ನು ಅವರು ಯಾಜಕತ್ವದ ಬೀಗದ ಕೈ ಅನ್ನುತ್ತಾರೆ. 2020ರ ಮಾರ್ಚಿನಲ್ಲಿ ಕೊರೊನಾಕ್ಕೆ ಪ್ರಪಂಚದ ಎಲ್ಲ ಕಡೆ ಸಭೆಗಳು ನಿಂತಾಗ, ಬಿಷಪ್‌ಗಳು ಅನುಮತಿ ಕೊಟ್ಟ ಮೇಲೆ ಅಪ್ಪಂದಿರು, ಗಂಡುಮಕ್ಕಳು ಮನೆಯ ಊಟದ ಮೇಜಿನ ಮೇಲೇ ಈ ಸಂಸ್ಕಾರ ನಡೆಸಿದರು.

ಪ್ರಶ್ನೆ (ಕುಶಾಲನಗರ): ನನ್ನ ತಂಗಿಯ ಗಂಡ ಈ ಸಭೆಯಲ್ಲಿದ್ದಾನೆ. “ನನ್ನ ಹತ್ತಿರ ಯಾಜಕತ್ವ ಇದೆ, ಮನೆಗೆ ನಾನೇ ತಲೆ, ನನ್ನ ಮಾತು ಮೀರಬಾರದು” ಅಂತ ಅವಳನ್ನು ಸದಾ ಬಯ್ಯುತ್ತಾನೆ. ದುಡ್ಡೂ ಕೊಡುವುದಿಲ್ಲ. ಅವರ ಧರ್ಮ ಹೀಗೇ ಹೇಳುತ್ತದಾ?

ಇಲ್ಲ. ಖಂಡಿತ ಇಲ್ಲ. ಅವರ ಧರ್ಮ ಹೇಳುವುದು ಇದಕ್ಕೆ ಪೂರಾ ಉಲ್ಟಾ.

1839ರ ಮಾರ್ಚಿನಲ್ಲಿ ಜೋಸೆಫ್ ಸ್ಮಿತ್ ಮಿಸೌರಿಯ ಲಿಬರ್ಟಿ ಎಂಬ ಊರಿನ ಜೈಲಿನಲ್ಲಿದ್ದ. ಅಲ್ಲಿಂದ ತನ್ನವರಿಗೆ ಬರೆದ ಪತ್ರದ ಭಾಗಗಳು ಇವತ್ತು ಅವರ ಧರ್ಮಗ್ರಂಥದಲ್ಲಿ ಸೇರಿವೆ. ‘ಸಿದ್ಧಾಂತ ಮತ್ತು ಒಡಂಬಡಿಕೆಗಳು’ ಎಂಬ ಗ್ರಂಥದ 121ನೇ ಪ್ರಕರಣ. ಅದರ ತಾತ್ಪರ್ಯ ಕೇಳಿ: ಸ್ವಲ್ಪ ಅಧಿಕಾರ ಸಿಕ್ಕಿತು ಅಂದುಕೊಂಡ ಕೂಡಲೇ ಬೇರೆಯವರ ಮೇಲೆ ದಬ್ಬಾಳಿಕೆ ಮಾಡಲು ಹೊರಡುವುದು ಹೆಚ್ಚುಕಮ್ಮಿ ಎಲ್ಲ ಮನುಷ್ಯರ ಸ್ವಭಾವ. ನನಗೆ ಯಾಜಕತ್ವ ಇದೆ ಅನ್ನುವ ಕಾರಣಕ್ಕೆ ಯಾರ ಮೇಲೂ ಹಿಡಿತ ಸಾಧಿಸುವ ಹಾಗಿಲ್ಲ. ಒಪ್ಪಿಸಿ, ತಾಳ್ಮೆಯಿಂದ, ಮೃದುವಾಗಿ, ನಿಜವಾದ ಪ್ರೀತಿಯಿಂದ ಮಾತ್ರ ನಡೆಸಬೇಕು. ಬಲವಂತ ಮಾಡಿದ ಘಳಿಗೆಯಲ್ಲೇ ದೇವರು ಹಿಂದೆ ಸರಿಯುತ್ತಾನೆ, ಆ ಮನುಷ್ಯನ ಯಾಜಕತ್ವಕ್ಕೆ ಅಲ್ಲಿಗೆ ಮುಕ್ತಾಯ. ಅಂದರೆ ನಿಮ್ಮ ತಂಗಿಯ ಗಂಡ ಯಾವುದನ್ನು ತೋರಿಸಿ ಹೆದರಿಸುತ್ತಿದ್ದಾನೋ, ಹೆದರಿಸುವಾಗ ಅದೇ ಅವನ ಹತ್ತಿರ ಇರುವುದಿಲ್ಲ. 1995ರಲ್ಲಿ ಆ ಸಭೆ ಕುಟುಂಬದ ಬಗ್ಗೆ ಒಂದು ಘೋಷಣೆ ಹೊರಡಿಸಿತು. ಅಪ್ಪ ಮನೆಯನ್ನು ಪ್ರೀತಿಯಿಂದ ಮುನ್ನಡೆಸಬೇಕು, ಗಂಡ ಹೆಂಡತಿ ಸಮಾನ ಜೊತೆಗಾರರು ಅಂತ ಅದರಲ್ಲೇ ಇದೆ.

ನನ್ನ ಮಟ್ಟಿಗೆ ಈ ಯಾಜಕತ್ವದ ತಿರುಳೇ ಇದು. ಯೋಚಿಸಿ ನೋಡಿ. ಎಲ್ಡರ್ ಆದವನು ತನಗೆ ತಾನೇ ದೀಕ್ಷಾಸ್ನಾನ ಕೊಟ್ಟುಕೊಳ್ಳಲಾರ. ತನಗೆ ಜ್ವರ ಬಂದರೆ ತನ್ನ ತಲೆ ಮೇಲೆ ತಾನೇ ಕೈಯಿಟ್ಟು ಹರಸಿಕೊಳ್ಳಲಾರ, ಇನ್ನೊಬ್ಬನನ್ನು ಕರೆಯಲೇಬೇಕು. ಅದನ್ನು ಮಾಡಿರುವುದೇ ಬೇರೆಯವರಿಗೆ ಕೊಡಲಿಕ್ಕೆ. ಹೆಂಡತಿಯನ್ನು ಬಗ್ಗಿಸಲು ಬಳಸುವವನು ಅದನ್ನು ಅರ್ಥವೇ ಮಾಡಿಕೊಂಡಿಲ್ಲ.

ತಂಗಿಗೆ ಹೇಳಿ, ನೇರ ಬಿಷಪ್ ಹತ್ತಿರ ಹೋಗಿ ಮಾತಾಡಲಿ. ಕೇಳುವುದು ಅವರ ಕರ್ತವ್ಯ. ದೌರ್ಜನ್ಯ ಮಾಡುವವರ ಮೇಲೆ ಸಭೆ ಕ್ರಮ ತೆಗೆದುಕೊಳ್ಳಬಹುದು, ಯಾಜಕತ್ವ ಚಲಾಯಿಸದಂತೆ ತಡೆಯಬಹುದು, ಸದಸ್ಯತ್ವವನ್ನೇ ತೆಗೆಯಬಹುದು. ಆದರೆ ಕೈ ಮಾಡಿದರೆ, ಹೆದರಿಕೆ ಇದ್ದರೆ ಬಿಷಪ್‌ಗಾಗಿ ಕಾಯಬೇಡಿ. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ. ನೀವು ಅವಳ ಜೊತೆಗಿರಿ, ಇದು ಮುಖ್ಯ.

ಪ್ರಶ್ನೆ (ಮಡಿಕೇರಿ, ಕಾಲೇಜು ವಿದ್ಯಾರ್ಥಿನಿ): ಹೆಂಗಸರಿಗೆ ಯಾಕೆ ಕೊಡುವುದಿಲ್ಲ? ಹಿಂದೆ ಕಪ್ಪು ಜನರಿಗೂ ಕೊಡುತ್ತಿರಲಿಲ್ಲ ಅಂತ ಓದಿದೆ.

ಎರಡನೆಯದಕ್ಕೆ ಮೊದಲು ಉತ್ತರ. ನೀನು ಓದಿದ್ದು ಸರಿ. ಶುರುವಿನಲ್ಲಿ ಆ ಭೇದ ಇರಲಿಲ್ಲ. ಎಲೈಜಾ ಏಬಲ್ ಎಂಬ ಕಪ್ಪು ಮನುಷ್ಯ 1836ರಲ್ಲೇ ಎಲ್ಡರ್ ಆಗಿದ್ದ. 1852ರಲ್ಲಿ ಆಗಿನ ಅಧ್ಯಕ್ಷ ಬ್ರಿಗ್ಯಾಮ್ ಯಂಗ್ ಆಫ್ರಿಕಾ ಮೂಲದ ಗಂಡಸರಿಗೆ ಯಾಜಕತ್ವ ಇಲ್ಲ ಅಂತ ಬಹಿರಂಗವಾಗಿ ಸಾರಿದ. ಅದು 1978ರ ಜೂನ್ ತನಕ ನಡೆಯಿತು. ಆಗ ಅಧ್ಯಕ್ಷರಾಗಿದ್ದ ಸ್ಪೆನ್ಸರ್ ಕಿಂಬಾಲ್ ತಮಗೆ ದೇವರ ಪ್ರಕಟಣೆ ಬಂತು ಎಂದು ತಿಳಿಸಿ, ಯೋಗ್ಯರಾದ ಎಲ್ಲ ಗಂಡಸರಿಗೂ ಬಾಗಿಲು ತೆರೆದರು. ಹಿಂದೆ ಈ ಭೇದಕ್ಕೆ ಕೊಡುತ್ತಿದ್ದ ಕಾರಣಗಳನ್ನು ತಾನು ಒಪ್ಪುವುದಿಲ್ಲ ಅಂತ 2013ರಲ್ಲಿ ಸಭೆಯೇ ಬರೆದು ಪ್ರಕಟಿಸಿತು. ನೂರಿಪ್ಪತ್ತೈದು ವರ್ಷಕ್ಕೂ ಜಾಸ್ತಿ ಕಾಲ ಎಷ್ಟೋ ಭಕ್ತರನ್ನು ಬಣ್ಣ ನೋಡಿ ಹೊರಗಿಟ್ಟ ನೋವು ಚಿಕ್ಕದಲ್ಲ. ಜಾತಿ ನೋಡಿ ದೇವಸ್ಥಾನದ ಹೊರಗೆ ನಿಲ್ಲಿಸಿದ ಚರಿತ್ರೆ ಇರುವ ನಾಡಿನವರಾದ ನಮಗೆ ಅದು ಬೇಗ ಅರ್ಥವಾಗುತ್ತದೆ ಅಲ್ವಾ.

ಹೆಂಗಸರ ವಿಷಯ. ಅವರಿಗೆ ಯಾಜಕತ್ವದ ಪದವಿ ಕೊಡುವುದಿಲ್ಲ, ಇವತ್ತಿಗೂ. ಸಭೆಯ ಉತ್ತರ ಏನೆಂದರೆ, ಸಭೆ ವಹಿಸಿದ ಕೆಲಸವನ್ನು ಹೆಂಗಸು ಮಾಡುವಾಗ ಅವಳು ಯಾಜಕತ್ವದ ಅಧಿಕಾರದಿಂದಲೇ ಮಾಡುತ್ತಾಳೆ. 2014ರಲ್ಲಿ, ಆಗ ಹನ್ನೆರಡು ಅಪೊಸ್ತಲರಲ್ಲಿ ಒಬ್ಬರಾಗಿದ್ದ ಡಾಲಿನ್ ಓಕ್ಸ್ ಇದನ್ನು ಸ್ಪಷ್ಟವಾಗಿ ಹೇಳಿದರು. 1842ರಲ್ಲಿ ಶುರುವಾದ ರಿಲೀಫ್ ಸೊಸೈಟಿ ಎಂಬ ಮಹಿಳೆಯರ ಸಂಘ ಇದೆ, ಅದನ್ನು ನಡೆಸುವವರು ಹೆಂಗಸರೇ. ಅವರು ವೇದಿಕೆ ಮೇಲೆ ನಿಂತು ಉಪದೇಶ ಮಾಡುತ್ತಾರೆ, ಮಿಷನರಿಗಳಾಗಿ ಹೋಗುತ್ತಾರೆ, ವಿಶೇಷ ಸಂಸ್ಕಾರಗಳಿಗೆಂದೇ ಇರುವ ಅವರ ದೇವಾಲಯದ ಒಳಗೆ ಹೆಂಗಸರಿಗೆ ಸಂಬಂಧಿಸಿದ ಕೆಲವು ಸಂಸ್ಕಾರ ನಡೆಸುತ್ತಾರೆ. 2019ರಿಂದ ದೀಕ್ಷಾಸ್ನಾನಕ್ಕೆ ಸಾಕ್ಷಿಯಾಗಿಯೂ ನಿಲ್ಲಬಹುದು. ಆದರೂ ಬ್ರೆಡ್ಡು ಹರಸುವ ಮೇಜಿನ ಹಿಂದೆ ನಿನ್ನ ತಮ್ಮ ನಿಲ್ಲಬಹುದು, ನೀನು ನಿಲ್ಲುವ ಹಾಗಿಲ್ಲ. ನಮಗೂ ಕೊಡಿ ಅಂತ ಆ ಸಭೆಯ ಹೆಂಗಸರೇ ಅಮೆರಿಕದಲ್ಲಿ ಸಂಘಟಿತರಾಗಿ ಕೇಳಿದ್ದಾರೆ. ನಮಗೆ ಬೇಡ, ಇರುವುದೇ ಸಾಕು ಅನ್ನುವ ಹೆಂಗಸರೂ ಇದ್ದಾರೆ. ನನಗೆ ಕೇಳಿದರೆ, ಸಭೆ ಕೊಡುವ ಉತ್ತರ ಸಾಲದು. ಬೇರೆಯವರ ಸೇವೆಗೆಂದೇ ಇರುವ ಅಧಿಕಾರವಾದರೆ, ಹಗಲು ರಾತ್ರಿ ಬೇರೆಯವರ ಸೇವೆ ಮಾಡುವವರಿಗೆ ಯಾಕಿಲ್ಲ?

ಪ್ರಶ್ನೆ (ಅಮ್ಮತ್ತಿ): ಒಬ್ಬನೇ ಮಗ. ಅವನೂ ಈಗ ಎಲ್ಡರ್. ನಾಳೆ ನನ್ನ ಸಾವಿನ ಕ್ರಿಯೆ ಯಾರು ಮಾಡುತ್ತಾರೆ? ಮನೆತನದ ಐನ್‌ಮನೆ, ತೀರಿಹೋದ ಹಿರಿಯರಾದ ಕಾರಣರು ಎಲ್ಲ ಮರೆತಂತೆಯೇ?

ಮರೆಯಲಿಕ್ಕಿಲ್ಲ ಅಂತ ನನ್ನ ನಂಬಿಕೆ, ಯಾಕೆಂದರೆ ಹಿರಿಯರ ಹೆಸರು ಹುಡುಕಿ ಬರೆದಿಡುವುದರಲ್ಲಿ ಈ ಸಭೆಯವರಷ್ಟು ಶ್ರದ್ಧೆ ಇರುವವರು ಕಡಿಮೆ. ಸತ್ತ ಹಿರಿಯರ ಪರವಾಗಿ ದೇವಾಲಯದಲ್ಲಿ ದೀಕ್ಷಾಸ್ನಾನ ತೆಗೆದುಕೊಳ್ಳುವ ಪದ್ಧತಿಯೇ ಅವರಲ್ಲಿದೆ. ಬೆಂಗಳೂರಿನಲ್ಲಿ ಅಂಥ ದೇವಾಲಯ ಕಟ್ಟುವುದಾಗಿ 2018ರ ಏಪ್ರಿಲ್‌ನಲ್ಲಿ ಘೋಷಿಸಿ, 2020ರ ಡಿಸೆಂಬರ್‌ನಲ್ಲಿ ಕೆಲಸ ಶುರು ಮಾಡಿದರು. ನಿಮಗೆ ಅದು ಇಷ್ಟವಾಗದೆ ಇರಬಹುದು. ನನ್ನ ಹಿರಿಯರ ಹೆಸರು ಅಲ್ಲಿಗೆ ಒಯ್ಯಬೇಡ ಅಂತ ಅನ್ನಿಸಿದರೆ ಮಗನಿಗೆ ಈಗಲೇ ಹೇಳಿ.

ಸುಡುವುದನ್ನು ಅವರ ಸಭೆ ನಿಷೇಧಿಸಿಲ್ಲ, ಹೂಳುವುದು ಅವರಿಗೆ ಹೆಚ್ಚು ಇಷ್ಟ ಅಷ್ಟೇ. ಕ್ರಿಯೆಯಲ್ಲಿ ಅವನು ಯಾವುದನ್ನು ಮನಸ್ಸಿಟ್ಟು ಮಾಡಬಲ್ಲ, ಯಾವುದನ್ನು ದಾಯಾದಿಗಳಲ್ಲಿ ಒಬ್ಬರು ಮಾಡಬೇಕು ಅನ್ನುವುದನ್ನು ನೀವು ಗಟ್ಟಿ ಇರುವಾಗಲೇ ಇಬ್ಬರೂ ಕೂತು ಮಾತಾಡಿಕೊಳ್ಳಿ. ಸಾವಿನ ಮನೆಯ ಅಂಗಳದಲ್ಲಿ ನಿಂತು ಆಡುವ ಮಾತಲ್ಲ ಇದು.

ಪ್ರಶ್ನೆ (ನಾಪೋಕ್ಲು): ನಮ್ಮದು ಕಾಫಿ ತೋಟ. ಅಳಿಯ ಎಲ್ಡರ್ ಆದ ಮೇಲೆ ಕಾಫಿ ಮುಟ್ಟುವುದಿಲ್ಲ. ಪುತ್ತರಿ ಹಬ್ಬಕ್ಕೆ ಮಗಳು ಅಳಿಯ ಬರುತ್ತಾರೆ, ಏನು ಬಡಿಸಲಿ? ತೋಟದ ಕೆಲಸಕ್ಕಾದರೂ ಕೈ ಹಾಕುತ್ತಾನಾ?

1833ರಲ್ಲಿ ಜೋಸೆಫ್ ಸ್ಮಿತ್ ಹೇಳಿದ ‘ಜ್ಞಾನದ ಮಾತು’ ಎಂಬ ನಿಯಮ ಇದು. ಮದ್ಯ, ಹೊಗೆಸೊಪ್ಪು, ಬಿಸಿ ಪಾನೀಯ ಬೇಡ ಅನ್ನುತ್ತದೆ. ಬಿಸಿ ಪಾನೀಯ ಅಂದರೆ ಕಾಫಿ, ಚಹಾ ಅಂತ ಸಭೆ ಅರ್ಥ ಮಾಡಿದೆ. ಎಲ್ಡರ್ ಮಾಡುವ ಮುಂಚೆ ನಾಯಕರು ಕೂರಿಸಿ ಮಾತಾಡುವಾಗ ಇದನ್ನೂ ಕೇಳುತ್ತಾರೆ. ಹಾಗಾಗಿ ಸುಮ್ನೆ ಒಂದು ಗುಟುಕು ಕುಡಿ ಅಂತ ಒತ್ತಾಯ ಮಾಡಬೇಡಿ, ಅವನಿಗೆ ಅದು ಕೊಟ್ಟ ಮಾತು. ಆದರೆ ನಿಯಮ ಇರುವುದು ಕುಡಿಯುವುದರ ಬಗ್ಗೆ. ಕಾಫಿ ಬೆಳೆಯಬಾರದು ಅಂತ ಅದರಲ್ಲಿ ಇಲ್ಲ. ಹಣ್ಣು ಕುಯ್ಯುವ ಕಾಲಕ್ಕೆ ಬಾ ಅಂತ ಧೈರ್ಯವಾಗಿ ಕರೆಯಿರಿ.

ಊಟಕ್ಕೆ ಚಿಂತೆಯೇ ಬೇಡ. ಪಂದಿ ಕರಿ, ಕಡಂಬುಟ್ಟು, ನೂಪುಟ್ಟು, ಪುತ್ತರಿಯ ತಂಬುಟ್ಟು ಎಲ್ಲ ಆಗುತ್ತದೆ. ಹಂದಿ ಮಾಂಸಕ್ಕೆ ಅವರಲ್ಲಿ ಅಡ್ಡಿ ಇಲ್ಲ. ಮನೆಯಲ್ಲಿ ಮಾಡಿದ ವೈನ್ ಅವನ ಮುಂದೆ ಇಡಬೇಡಿ. ಊಟ ಆದ ಮೇಲೆ ಏನಾದರೂ ಬಿಸಿಯಾಗಿ ಕೊಡಬೇಕು ಅನ್ನಿಸಿದರೆ ಶುಂಠಿ, ಬೆಲ್ಲ, ಕರಿಮೆಣಸು ಹಾಕಿ ಕಷಾಯ ಮಾಡಿಕೊಡಿ. ಒಂದೇ ಎಚ್ಚರ: ತಿಂಗಳ ಮೊದಲ ಭಾನುವಾರ ಅವರು ಎರಡು ಹೊತ್ತು ಉಪವಾಸ ಇದ್ದು, ಉಳಿದ ಊಟದ ದುಡ್ಡನ್ನು ಬಡವರಿಗೆ ಕೊಡುತ್ತಾರೆ. ನೆಂಟರನ್ನೆಲ್ಲ ಕರೆದು ದೊಡ್ಡ ಊಟ ಹಾಕಿಸುವುದಿದ್ದರೆ ಕ್ಯಾಲೆಂಡರ್ ನೋಡಿಕೊಂಡು ಬೇರೆ ದಿನ ಇಟ್ಟುಕೊಳ್ಳಿ.